‘ಒಬ್ಬೊಬ್ಬರದು ಒಂದೊಂದು ಆಟ’: ದೊಡ್ಡ ನಟರ ಹಳೆಯ ನಾಟಕ ಯಾಕೆ ಬರಿಗೈಯಲ್ಲಿ ಕಳಿಸುತ್ತದೆ?

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಯಲ್ಲಿರುವ ಕನ್ನಡದವರು. ಊರಲ್ಲಿದ್ದಾಗ ಹವ್ಯಾಸಿ ನಾಟಕ ನೋಡುತ್ತಾ, ಒಂದೆರಡರಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಾ ಬೆಳೆದವರು. ಈಚೆಗೆ ನ್ಯೂಯಾರ್ಕಿನ ದೊಡ್ಡ ವೃತ್ತಿರಂಗಭೂಮಿ ಬ್ರಾಡ್‌ವೇಯಲ್ಲಿ ಒಂದು ಪ್ರಸಿದ್ಧ ಹಳೆಯ ನಾಟಕದ ಮರುಪ್ರಯೋಗಕ್ಕೆ ಮನೆಮಂದಿಯೆಲ್ಲ ಹೋದೆವು. ಇಬ್ಬರು ದೊಡ್ಡ ಸಿನಿಮಾ ನಟರಿದ್ದರು. ತಲೆಗೆ 300 ಡಾಲರಿಗೂ ಮೇಲೆ ಕೊಟ್ಟು, ಆರು ತಿಂಗಳು ಮುಂಚೆ ಟಿಕೆಟ್ ತೆಗೆದು, ಅಷ್ಟು ದಿನವೂ ಮನೆಯಲ್ಲಿ ಅದೇ ಮಾತು. ನಾಟಕವನ್ನು ಮತ್ತೆ ಓದಿಕೊಂಡೇ ಹೋಗಿದ್ದೆ. ಆದರೆ ಅರ್ಧ ಗಂಟೆಯೊಳಗೆ ಮನಸ್ಸು ಆಚೆಗೆ ಹೋಗಿಬಿಟ್ಟಿತು. ಕೊನೆಯಲ್ಲಿ ಇಡೀ ಥಿಯೇಟರ್ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ನಾವೂ ನಿಂತೆವು, ನಿಂತದ್ದಕ್ಕೆ ಆಮೇಲೆ ಮುಜುಗರವಾಯಿತು. ಪುತ್ತೂರಿನ ಕಡೆಯಿಂದ ಬಂದಿದ್ದ ನಮ್ಮ ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಇಂಟರ್ವಲ್‌ನಲ್ಲಿ ಅವರು ಹೇಳಿದ್ದು ಒಂದೇ ಮಾತು: ‘ಒಬ್ಬೊಬ್ಬರದು ಒಂದೊಂದು ಆಟ ಆಗ್ತಾ ಉಂಟಲ್ಲ ಮಗಾ.’ ಅತಿಯಾಗಿ ನಿರೀಕ್ಷಿಸಿದ್ದು ನಮ್ಮದೇ ತಪ್ಪಾ? ಅಷ್ಟು ದೊಡ್ಡ ನಟರು, ಅಷ್ಟು ದೊಡ್ಡ ನಾಟಕ ಸೇರಿದರೂ ಹೀಗೇಕಾಗುತ್ತದೆ? ಎದ್ದು ನಿಂತವರೆಲ್ಲ ಸುಳ್ಳು ಹೇಳುತ್ತಿದ್ದರಾ? ಇನ್ನು ಮುಂದೆ ಇಂಥದಕ್ಕೆ ಹೋಗಬೇಕಾ, ಬೇಡವಾ?

ಉತ್ತರ: ನಿಮ್ಮ ಅತ್ತೆಯವರ ಮಾತಿನಿಂದಲೇ ಶುರುಮಾಡುತ್ತೇನೆ. ಇಂಗ್ಲಿಷ್ ಮಾತುಗಳು ಪೂರ್ತಿ ದಕ್ಕದ ಕಾರಣಕ್ಕೇ ಇರಬೇಕು, ಅವರ ಕಣ್ಣು ನೇರ ನಟನಟರ ನಡುವಿನ ಜಾಗಕ್ಕೆ ಹೋಗಿದೆ. ಒಬ್ಬ ಮಾತಾಡುವಾಗ ಎದುರಿನವನು ಕೇಳಿಸಿಕೊಳ್ಳುತ್ತಿದ್ದಾನೋ ಅಥವಾ ತನ್ನ ಸರದಿ ಬರಲೆಂದು ಕಾಯುತ್ತಿದ್ದಾನೋ ಅನ್ನುವುದು ಭಾಷೆ ಬಾರದವರಿಗೂ ಕಾಣುತ್ತದೆ. ನಾನು ತಾಲೀಮಿನ ಕೋಣೆಯಲ್ಲಿ ಕೂತು ವಯಸ್ಸು ಕಳೆದವನು. ಒಂದು ಪ್ರಯೋಗ ಕೂಡಿಕೊಂಡಿಲ್ಲ ಅಂತ ಅನ್ನಿಸಿದಾಗ ಅದರ ಕಾರಣವನ್ನು ಇಷ್ಟು ಚಿಕ್ಕದಾಗಿ ಹೇಳಲು ನನಗೂ ಆಗಿದ್ದಿಲ್ಲ.

ನಿರೀಕ್ಷೆಯ ಬಗ್ಗೆ ನಿಮ್ಮನ್ನು ನೀವು ಬೈದುಕೊಳ್ಳುವುದು ಬೇಡ. ‘ನೀವು ಜಾಸ್ತಿ ಆಸೆ ಇಟ್ಟುಕೊಂಡು ಹೋದಿರಿ, ಅದಕ್ಕೇ ಹಾಗಾಯ್ತು’ ಎಂದು ಹೇಳುವವರು ಸಿಗುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಆರು ತಿಂಗಳು ಮನೆಯಲ್ಲಿ ಒಂದು ನಾಟಕದ ಮಾತಾಡುವುದು, ಪುಸ್ತಕ ತೆಗೆದು ಮತ್ತೆ ಓದುವುದು, ‘ಆ ದೃಶ್ಯವನ್ನು ಇವನು ಹೇಗೆ ಮಾಡಬಹುದು’ ಎಂದು ಊಹಿಸುವುದು, ಇವೆಲ್ಲ ನಾಟಕ ನೋಡುವುದರ ಭಾಗವೇ. ಹೊಸ ನಾಟಕಕ್ಕೆ ಕಥೆ ತಿಳಿಯಲು ಹೋಗುತ್ತೇವೆ. ಹಳೆಯ ನಾಟಕಕ್ಕೆ ಕಥೆ ಗೊತ್ತಿದ್ದೇ ಹೋಗುತ್ತೇವೆ. ನಮ್ಮೊಳಗೆ ಆಗಲೇ ಒಂದು ಪ್ರಯೋಗ ನಡೆದಿರುತ್ತದೆ, ಅದಕ್ಕಿಂತ ಮಿಗಿಲಾದದ್ದು ಕಾಣಲಿ ಅನ್ನುವ ಹಸಿವಿರುತ್ತದೆ. ಆ ಹಸಿವಿಲ್ಲದ ಪ್ರೇಕ್ಷಕರಿಗೆ ನಾಟಕ ಆಡುವುದೇ ಕಷ್ಟ.

ನೀವು ನೋಡಿದ ನಾಟಕದ ಹೆಸರು ಬರೆದಿದ್ದೀರಿ. ಅದನ್ನು ಇಲ್ಲಿ ಬಿಟ್ಟಿದ್ದೇನೆ, ಯಾಕೆಂದರೆ ನಾನು ಅದನ್ನು ನೋಡಿಲ್ಲ. ಅದರ ಬದಲು ಎಲ್ಲರಿಗೂ ಗೊತ್ತಿರುವ, ಲೆಕ್ಕಪತ್ರ ಬಹಿರಂಗವಾಗಿರುವ ಒಂದು ಪ್ರಯೋಗವನ್ನು ಇಟ್ಟುಕೊಂಡು ಮಾತಾಡೋಣ. 2025ರ ಬ್ರಾಡ್‌ವೇ ‘ಒಥೆಲೊ’. ಷೇಕ್ಸ್‌ಪಿಯರ್‌ನ ಈ ನಾಟಕದಲ್ಲಿ ವೆನಿಸ್‌ನ ಕಪ್ಪು ಸೇನಾಪತಿ ಒಥೆಲೊನಿಗೆ ಕೈಕೆಳಗಿನ ಇಯಾಗೊ ಹೆಂಡತಿ ಡೆಸ್ಡಿಮೋನಾಳ ಮೇಲೆ ಸುಳ್ಳು ಸಂಶಯ ಹುಟ್ಟಿಸುತ್ತಾನೆ, ಒಥೆಲೊ ಅವಳನ್ನು ಕೊಲ್ಲುತ್ತಾನೆ. ಎಥೆಲ್ ಬ್ಯಾರಿಮೋರ್ ಥಿಯೇಟರ್, ನಿರ್ದೇಶನ ಕೆನಿ ಲಿಯಾನ್, ಒಥೆಲೊ ಆಗಿ ಡೆನ್ಜೆಲ್ ವಾಷಿಂಗ್ಟನ್, ಇಯಾಗೊ ಆಗಿ ಜೇಕ್ ಜಿಲೆನ್‌ಹಾಲ್. ಫೆಬ್ರವರಿ ಕೊನೆಯ ವಾರದಲ್ಲಿ ಪ್ರಿವ್ಯೂ, ಅಂದರೆ ಉದ್ಘಾಟನೆಗೆ ಮುಂಚಿನ ಟಿಕೆಟ್ ಪ್ರದರ್ಶನ, ಶುರುವಾಗಿ, ಮಾರ್ಚ್ 23ಕ್ಕೆ ವಿಧಿವತ್ತಾಗಿ ಉದ್ಘಾಟನೆಯಾಗಿ, ಜೂನ್ 8ಕ್ಕೆ ಮುಗಿಯಿತು. ಹದಿನೈದು ವಾರ. ಮುಂದಿನ ಸಾಲುಗಳ ಸೀಟಿಗೆ 921 ಡಾಲರ್. ಪ್ರಿವ್ಯೂ ನಡೆಯುತ್ತಿದ್ದಾಗಲೇ ಒಂದು ವಾರದ ಎಂಟು ಪ್ರದರ್ಶನಗಳಿಗೆ 28 ಲಕ್ಷ ಡಾಲರ್ ಗಳಿಕೆಯಾಯಿತು. ಸಂಗೀತ ನಾಟಕವಲ್ಲದ, ಬರೀ ಮಾತಿನ ನಾಟಕವೊಂದಕ್ಕೆ ಬ್ರಾಡ್‌ವೇಯಲ್ಲಿ ಅಲ್ಲಿಯವರೆಗೆ ಅಷ್ಟು ದುಡ್ಡು ಬಂದಿರಲಿಲ್ಲ. ವಿಮರ್ಶೆ ಬಂದಾಗ ಮಾತ್ರ ಮೆಚ್ಚುಗೆ, ಬೇಸರ ಎರಡೂ ಬೆರೆತಿತ್ತು. ಮೇ 1ರಂದು ಬ್ರಾಡ್‌ವೇ ನಾಟಕಗಳ ದೊಡ್ಡ ಪ್ರಶಸ್ತಿಯಾದ ಟೋನಿಯ ನಾಮನಿರ್ದೇಶನ ಪ್ರಕಟವಾದಾಗ ಈ ಪ್ರಯೋಗಕ್ಕೆ ಒಂದೂ ಇರಲಿಲ್ಲ.

ಇದರಲ್ಲಿ ನೀವು ಗಮನಿಸಬೇಕಾದ್ದು ಈ ಹಣ ಯಾವಾಗ ಬಂತು ಅನ್ನುವುದನ್ನು. ನಾಟಕ ಹೇಗಿದೆ ಎಂದು ಯಾರಿಗೂ ತಿಳಿಯುವ ಮೊದಲೇ ಟಿಕೆಟ್ ಮಾರಿಹೋಗಿತ್ತು. ನಮ್ಮ ಕಂಪನಿ ನಾಟಕಗಳಲ್ಲಿ ಕ್ಯಾಂಪ್ ಹಾಕಿದ ಊರಿನಲ್ಲಿ ಮೊದಲ ದಿನ ನಾಟಕ ಚೆನ್ನಾಗಿ ಆಗದಿದ್ದರೆ ಮಾರನೆಯ ದಿನ ಗಲ್ಲಾಪೆಟ್ಟಿಗೆ ಖಾಲಿ. ಮಾಲೀಕ ರಾತ್ರೋರಾತ್ರಿ ದೃಶ್ಯ ಕತ್ತರಿಸುತ್ತಿದ್ದ, ಹಾಡು ಸೇರಿಸುತ್ತಿದ್ದ, ಪಾತ್ರಧಾರಿಯನ್ನೇ ಬದಲಾಯಿಸುತ್ತಿದ್ದ. ಊರಿನ ಬಾಯಿಮಾತು ನಾಟಕವನ್ನು ತಿದ್ದುತ್ತಿತ್ತು. ಹೆಸರುವಾಸಿ ನಟರ ಹದಿನೈದು ವಾರದ ಪ್ರಯೋಗದಲ್ಲಿ ಆ ತಿದ್ದುವ ಕೈ ಬಹಳ ದುರ್ಬಲ. ಬ್ರಾಡ್‌ವೇಯಲ್ಲಿ 2001ರಲ್ಲಿ ಒಂದು ಸಂಗೀತ ನಾಟಕಕ್ಕೆ 480 ಡಾಲರ್‌ನ ವಿಶೇಷ ಸೀಟು ಇಟ್ಟಾಗ ಜನ ಬೆಚ್ಚಿದ್ದರು. ಬೇಡಿಕೆ ಏರಿದಂತೆ ಬೆಲೆ ಏರಿಸುವುದು ಇಂದು ಮಾಮೂಲಿ. 2006ರಲ್ಲಿ ಹಾಲಿವುಡ್ ತಾರೆ ಜೂಲಿಯಾ ರಾಬರ್ಟ್ಸ್ ಮೊದಲ ಬಾರಿ ಬ್ರಾಡ್‌ವೇಗೆ ಬಂದಾಗಲೂ ಕಥೆ ಇದೇ ಆಗಿತ್ತು. ವಿಮರ್ಶೆ ಕಟುವಾಗಿತ್ತು, ಥಿಯೇಟರ್ ತುಂಬಿತ್ತು. ನಿರ್ಮಾಪಕರನ್ನು ನಾನು ದೂರುತ್ತಿಲ್ಲ. ನ್ಯೂಯಾರ್ಕಿನಲ್ಲಿ ಒಂದು ಮಾತಿನ ನಾಟಕ ಏರಿಸುವುದಕ್ಕೇ ಲಕ್ಷಾಂತರ ಡಾಲರ್ ಬೇಕು, ಹೆಸರಿನ ನಟರಿಲ್ಲದೆ ಅದು ಹುಟ್ಟುವುದೂ ಕಷ್ಟ. ಆದರೆ ನೀವು ಕೊಟ್ಟ 300 ಡಾಲರ್ ಯಾವುದಕ್ಕೆ ಸಂದಿತು ಅನ್ನುವುದು ತಿಳಿದಿರಲಿ. ಅದರ ದೊಡ್ಡ ಪಾಲು ದರ್ಶನಕ್ಕೆ ಸಂದಿದೆ. ತೆರೆಯ ಮೇಲೆ ಮೂವತ್ತು ವರ್ಷ ಕಂಡ ಮುಖ ಇಪ್ಪತ್ತು ಅಡಿ ದೂರದಲ್ಲಿ, ಅದೇ ಗಾಳಿಯಲ್ಲಿ ಉಸಿರಾಡುವುದನ್ನು ಕಾಣುವ ಭಾಗ್ಯ.

ದರ್ಶನ ಕೀಳೆಂದು ನಾನು ಹೇಳುವುದಿಲ್ಲ. ರಾಜಕುಮಾರ್ ಬಂದರೆಂದು ಬಿಸಿಲಲ್ಲಿ ನಿಂತವರ ಪೈಕಿ ನಾನೂ ಒಬ್ಬ. ತೊಂದರೆ ಏನೆಂದರೆ, ಕೆಲವು ನಾಟಕಗಳ ಕಟ್ಟಡವೇ ದರ್ಶನಕ್ಕೆ ಎದುರಾಗಿರುತ್ತದೆ. ‘ಒಥೆಲೊ’ ಅಂಥದ್ದು. ಪುಸ್ತಕ ತೆಗೆದು ಮೊದಲ ದೃಶ್ಯ ನೋಡಿ. ಇಯಾಗೊ ಮತ್ತು ಅವನ ಜೊತೆಗಾರ ರೊಡೆರಿಗೊ ಕತ್ತಲಲ್ಲಿ ನಿಂತು ಒಬ್ಬ ಮನುಷ್ಯನನ್ನು ಮನಬಂದಂತೆ ಹೀಯಾಳಿಸುತ್ತಾರೆ. ‘ಅವನು’, ‘ಆ ಮೂರ್’ (ಆಫ್ರಿಕಾ ಮೂಲದವನು) ಅನ್ನುತ್ತಾರೆ, ಮೈಬಣ್ಣ ತುಟಿ ಎತ್ತಿ ಆಡುತ್ತಾರೆ. ಆ ದೃಶ್ಯದುದ್ದಕ್ಕೂ ಒಥೆಲೊ ಎಂಬ ಹೆಸರು ಒಮ್ಮೆಯೂ ಬರುವುದಿಲ್ಲ. ಹೆಸರು ಮೊದಲು ಕೇಳುವುದು ಮೂರನೆಯ ದೃಶ್ಯದಲ್ಲಿ, ವೆನಿಸ್‌ನ ಡ್ಯೂಕ್ ಗೌರವದಿಂದ ಕರೆಯುವಾಗ. ಪ್ರೇಕ್ಷಕನ ತಲೆಯಲ್ಲಿ ಮೊದಲು ಒಂದು ಕೊಳಕು ಚಿತ್ರ ಕೂರಬೇಕು, ಆಮೇಲೆ ಎರಡನೆಯ ದೃಶ್ಯದಲ್ಲಿ ಶಾಂತವಾದ, ಘನವಾದ ಒಬ್ಬ ಮನುಷ್ಯ ನಡೆದು ಬರಬೇಕು, ‘ಅಯ್ಯೋ, ಇವನ ಬಗ್ಗೆಯಾ ಹಾಗೆ ಮಾತಾಡಿದ್ದು’ ಎಂದು ನಮಗೆ ನಾಚಿಕೆಯಾಗಬೇಕು. ಇಯಾಗೊನ ಮಾತನ್ನು ನಂಬಿ ಮೊದಲು ಮೋಸಹೋಗುವವರು ನಾವು, ಒಥೆಲೊ ಎರಡನೆಯವನು. ಇಡೀ ನಾಟಕ ನಿಂತಿರುವುದು ಆ ತಳಪಾಯದ ಮೇಲೆ.

ಈಗ ಅದೇ ಜಾಗಕ್ಕೆ ಹೆಸರುವಾಸಿ ನಟನನ್ನು ತನ್ನಿ. ಹೊರಗೆ ಪೋಸ್ಟರ್‌ನಲ್ಲಿ ಅವನ ಮುಖ ನೋಡಿಯೇ ಒಳಗೆ ಬಂದಿದ್ದೇವೆ. ಇಯಾಗೊ ಯಾರ ಬಗ್ಗೆ ಹೀಯಾಳಿಸುತ್ತಿದ್ದಾನೆಂದು ನಮಗೆ ಗೊತ್ತು, ಆ ಮನುಷ್ಯನನ್ನು ನಾವು ಪ್ರೀತಿಸುತ್ತೇವೆ ಕೂಡ. ಅವನು ಕಾಲಿಟ್ಟ ಕ್ಷಣ ಥಿಯೇಟರ್ ಚಪ್ಪಾಳೆಯಿಂದ ಒಡೆಯುತ್ತದೆ, ಆಡುತ್ತಿದ್ದ ಮಾತು ನಿಲ್ಲುತ್ತದೆ. ನಾಟಕಕಾರ ಕಟ್ಟಿದ್ದ ಮೆಟ್ಟಿಲು ಅಲ್ಲಿಗೇ ಕುಸಿಯಿತು. ಇದಕ್ಕೆ ನಟನನ್ನು ಹೊಣೆ ಮಾಡಲಾಗದು, ನಿಮ್ಮನ್ನೂ ಮಾಡಲಾಗದು. ಆದರೆ ನಾಟಕ ಅರ್ಧ ಗಂಟೆ ಹಿಂದೆ ಬಿದ್ದಿರುತ್ತದೆ, ಅದನ್ನು ಮತ್ತೆ ಹಿಡಿಯಲು ಅಸಾಧಾರಣ ಕೂಡುಗೆಲಸ ಬೇಕಾಗುತ್ತದೆ. ನಿಮ್ಮ ಮನಸ್ಸು ಅರ್ಧ ಗಂಟೆಗೆ ಆಚೆ ಹೋಯಿತು ಎಂದಿರಲ್ಲ, ನೀವು ನೋಡಿದ ನಾಟಕವನ್ನೂ ಹೀಗೊಮ್ಮೆ ಬಿಡಿಸಿ ನೋಡಿ. ಅದರ ನಾಯಕ ಮೊದಲ ಸಲ ಬರುವಾಗ ನಾಟಕಕಾರ ನಿಮಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಎಂದು ಲೆಕ್ಕ ಹಾಕಿದ್ದಾನೆ? ಆ ಲೆಕ್ಕ ಆ ದಿನ ಉಳಿಯಿತೇ?

ಇನ್ನು ಕೂಡುಗೆಲಸಕ್ಕೆ ಬರುತ್ತೇನೆ, ನನ್ನ ಉತ್ತರದ ಹೂರಣ ಇಲ್ಲೇ ಇದೆ. ‘ಒಥೆಲೊ’ದ ಮೂರನೆಯ ಅಂಕದ ಮೂರನೆಯ ದೃಶ್ಯ ತಾಲೀಮು ಮಾಡಿಸಿದವರಿಗೆ ಅದರ ಭಯ ಗೊತ್ತು. ದೃಶ್ಯ ತೆರೆದಾಗ ಒಥೆಲೊ ಹೆಂಡತಿಯ ಮೇಲೆ ಪ್ರಾಣ ಇಟ್ಟುಕೊಂಡವನು. ಅದೇ ದೃಶ್ಯ ಮುಗಿಯುವಾಗ ಮಂಡಿಯೂರಿ ಸೇಡಿನ ಪ್ರತಿಜ್ಞೆ ಮಾಡುತ್ತಾನೆ. ನಡುವೆ ಇಯಾಗೊ ಇಟ್ಟ ಸಾಕ್ಷಿ ಏನು? ಒಂದು ‘ಹ್ಞಾ’, ಒಂದು ‘ಛೆ, ಇದು ನನಗೆ ಸರಿಕಾಣಲಿಲ್ಲ’, ಒಂದು ನಿಲುಗಡೆ, ಒಥೆಲೊ ಹೇಳಿದ್ದನ್ನೇ ಪ್ರಶ್ನೆಯ ಧಾಟಿಯಲ್ಲಿ ತಿರುಗಿಸಿ ಹೇಳುವುದು. ಆಮೇಲೆ ಒಂದು ಕನಸಿನ ಕಥೆ, ಒಂದು ಕರವಸ್ತ್ರದ ಮಾತು. ಇಷ್ಟರಲ್ಲೇ ಒಬ್ಬ ದೊಡ್ಡ ಸೇನಾಪತಿ ಕುಸಿದನೆಂದು ನಾವು ನಂಬಬೇಕು. ಕಾಗದದ ಮೇಲೆ ನಂಬಲಾಗದ್ದು. ರಂಗದ ಮೇಲೆ ನಂಬಿಸಲು ಒಂದೇ ದಾರಿ. ಇಯಾಗೊ ಬಿಟ್ಟ ಒಂದೊಂದು ನಿಲುಗಡೆಯೂ ಒಥೆಲೊನ ಮೈಯೊಳಗೆ ಇಳಿಯುವುದು ಕಾಣಬೇಕು, ಅದು ಇಳಿದದ್ದನ್ನು ಕಂಡೇ ಇಯಾಗೊ ಮುಂದಿನ ಹೆಜ್ಜೆ ಇಡಬೇಕು. ಜರಡಿ ಹಿಡಿದ ಹಾಗೆ, ಇಬ್ಬರ ಕೈಯೂ ಒಂದೇ ಲಯದಲ್ಲಿ ಅಲ್ಲಾಡಬೇಕು. ಅದು ನಾಲ್ಕು ವಾರದ ತಾಲೀಮಿನಲ್ಲಿ ಬರುವುದಿಲ್ಲ ಎಂದು ನಾನು ಖಡಾಖಂಡಿತ ಹೇಳಲಾರೆ, ಆದರೆ ಬಂದದ್ದನ್ನು ಅಪರೂಪಕ್ಕೆ ಕಂಡಿದ್ದೇನೆ.

ಬ್ರಾಡ್‌ವೇಯ ಚರಿತ್ರೆಯೇ ಇದಕ್ಕೆ ಸಾಕ್ಷಿ ಕೊಡುತ್ತದೆ. 1943ರಲ್ಲಿ ಪಾಲ್ ರಾಬ್ಸನ್ ಆಡಿದ ‘ಒಥೆಲೊ’ 296 ಪ್ರದರ್ಶನ ಕಂಡಿತು. ಷೇಕ್ಸ್‌ಪಿಯರ್‌ನ ಯಾವ ನಾಟಕವೂ ಅಲ್ಲಿ ಒಂದೇ ಓಟದಲ್ಲಿ ಅಷ್ಟು ಸಲ ಆಡಿಲ್ಲ. ರಾಬ್ಸನ್ ಕೂಡ ಆಗ ಕಡಿಮೆ ಹೆಸರಿನವರೇನಲ್ಲ, ಜಗತ್ತು ಬಲ್ಲ ಗಾಯಕ. ಆದರೆ ಅವರು ಲಂಡನ್ನಿನಲ್ಲಿ 1930ರಲ್ಲೇ ಆ ಪಾತ್ರ ಹೊತ್ತಿದ್ದರು. ಹೊಸೆ ಫೆರರ್ ಇಯಾಗೊ, ಊಟಾ ಹೇಗನ್ ಡೆಸ್ಡಿಮೋನಾ ಆಗಿದ್ದ ಆ ತಂಡವನ್ನು ನಿರ್ದೇಶಕಿ ಮಾರ್ಗರೆಟ್ ವೆಬ್‌ಸ್ಟರ್ 1942ರ ಬೇಸಗೆಯಲ್ಲಿ ಅಮೆರಿಕದ ಕೇಂಬ್ರಿಜ್, ಪ್ರಿನ್ಸ್‌ಟನ್‌ನಂಥ ಊರುಗಳಲ್ಲಿ ಆಡಿಸಿ ನೋಡಿ, ವರ್ಷದ ಮೇಲೆ ನ್ಯೂಯಾರ್ಕಿಗೆ ತಂದರು. 1982ರಲ್ಲಿ ಜೇಮ್ಸ್ ಅರ್ಲ್ ಜೋನ್ಸ್ ಮತ್ತು ಕ್ರಿಸ್ಟಫರ್ ಪ್ಲಮರ್ ಜೋಡಿಯ ಪ್ರಯೋಗಕ್ಕೆ ಆ ವರ್ಷದ ಶ್ರೇಷ್ಠ ಮರುಪ್ರಯೋಗದ ಟೋನಿ ಬಂತು. ಅದೂ ಹಿಂದಿನ ವರ್ಷ ಕನೆಕ್ಟಿಕಟ್‌ನ ಸ್ಟ್ರಾಟ್‌ಫರ್ಡ್‌ನಲ್ಲಿ ಹುಟ್ಟಿ, ಊರೂರು ಸುತ್ತಿ ಬಂದದ್ದು. 2025ರದ್ದು ನೇರವಾಗಿ ಬ್ಯಾರಿಮೋರ್‌ನಲ್ಲೇ ಕಣ್ಣು ಬಿಟ್ಟಿತು. ಮೂರಕ್ಕೂ ದೊಡ್ಡ ಹೆಸರುಗಳಿದ್ದವು. ಮೊದಲೆರಡಕ್ಕೆ ಅಡುಗೆ ಬೇಯಲು ಒಲೆಯ ಮೇಲೆ ಸಮಯವಿತ್ತು.

ಈ ಮಾತಿಗೆ ನಿಮ್ಮ ಅತ್ತೆಯವರು ಒಂದು ಆಕ್ಷೇಪ ಎತ್ತಬಹುದು, ಅದೂ ನ್ಯಾಯವಾದದ್ದೇ. ಪುತ್ತೂರು ಸೀಮೆಯವರಿಗೆ ತಾಳಮದ್ದಳೆ, ಅಂದರೆ ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ಆಡುವ ಕಲೆ, ಗೊತ್ತಿಲ್ಲದೆ ಇರುವುದಿಲ್ಲ. ಅಲ್ಲಿ ತಾಲೀಮೇ ಇಲ್ಲ! ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆ ರಾಮದಾಸ ಸಾಮಗರೂ ಎದುರುಬದುರು ಕೂರುತ್ತಾರೆಂದರೆ ಜನ ಹತ್ತಾರು ಮೈಲಿ ದೂರದಿಂದ ಬರುತ್ತಿದ್ದರು. ಬರೆದ ಸಂಭಾಷಣೆ ಇಲ್ಲ, ವೇಷವಿಲ್ಲ, ಆ ರಾತ್ರಿಯೇ ಹುಟ್ಟುವ ಮಾತು. ಅದು ಅಪ್ಪಟ ಹೆಸರಾಂತವರ ಕೂಟ, ಜನ ಬರುತ್ತಿದ್ದದ್ದೂ ಹೆಸರು ಕೇಳಿಯೇ. ಹಾಗಿದ್ದೂ ಅದು ಕೂಡಿಬರುತ್ತಿತ್ತು. ಹೇಗೆ?

ಅವರಿಬ್ಬರಿಗೂ ಪ್ರಸಂಗ ಬಾಯಿಪಾಠ, ಪುರಾಣ ಕೈಯೊಳಗಿನ ನೆಲ್ಲಿ, ಹಾಡುವ ಭಾಗವತರು ಎತ್ತಿಕೊಟ್ಟ ಪದ್ಯದ ಮೇರೆ ಇಬ್ಬರಿಗೂ ಒಂದೇ. ವಾಲಿಯಾಗಿ ಕೂತವರು ರಾಮನಾದವರ ಮಾತನ್ನು ಕೇಳದೆ ಒಂದು ವಾಕ್ಯವನ್ನೂ ಕಟ್ಟಲಾರರು, ಯಾಕೆಂದರೆ ಉತ್ತರ ಹುಟ್ಟಬೇಕಾದ್ದು ಆ ಮಾತಿನಿಂದಲೇ. ಅಲ್ಲಿ ಕೇಳುವುದು ಆಟದ ನಿಯಮ. ತಾಲೀಮು ಆ ರಾತ್ರಿಗಿಂತ ಮುಂಚಿನ ನಲವತ್ತು ವರ್ಷದಲ್ಲಿ ನಡೆದಿರುತ್ತದೆ. ಆದರೂ ಕೂಟ ಕೆಟ್ಟ ದಿನಗಳಿದ್ದವು. ಒಬ್ಬರು ಎದುರಿನವರಿಗೆ ಬಾಯಿ ಬಿಡಲು ಜಾಗ ಕೊಡದೆ ತಮ್ಮ ಮಾತನ್ನೇ ಎಳೆದಾಗ, ಭಾಗವತರು ಪದ್ಯ ಎತ್ತಿ ತಡೆಯಲು ಆಗದೆ ಹೋದಾಗ, ಬೆಳಗಿನ ಜಾವ ಜನ ‘ಇವತ್ತು ಜಮೆಯಲಿಲ್ಲ’ ಎಂದು ಎದ್ದು ಹೋಗುತ್ತಿದ್ದರು. ನಿಮ್ಮ ಅತ್ತೆ ಇಂಟರ್ವಲ್‌ನಲ್ಲಿ ಹೇಳಿದ್ದು ಆ ಕಿವಿಯಿಂದ. ಮಾತು ಮಾತಿಗೆ ಹುಟ್ಟುತ್ತಿಲ್ಲ ಅನ್ನುವುದನ್ನು ಅವರು ಅರ್ಥ ತಿಳಿಯದೆಯೇ ಹಿಡಿದರು.

ಹೆಸರುವಾಸಿ ನಟರಿದ್ದರೆ ನಾಟಕ ಕೆಡುತ್ತದೆ ಎಂದು ಇದರಿಂದ ತಿಳಿಯಬೇಡಿ. ಅದೇ ನ್ಯೂಯಾರ್ಕಿನಲ್ಲಿ 2016ರಲ್ಲಿ, ಅದೇ ‘ಒಥೆಲೊ’ವನ್ನು ಡೇವಿಡ್ ಓಯೆಲೊವೊ ಮತ್ತು ಡೇನಿಯಲ್ ಕ್ರೇಗ್ ಆಡಿದರು, ನಿರ್ದೇಶನ ಸ್ಯಾಮ್ ಗೋಲ್ಡ್. ಕ್ರೇಗ್ ಆಗ ಜೇಮ್ಸ್ ಬಾಂಡ್. ಅದಕ್ಕಿಂತ ದೊಡ್ಡ ಹೆಸರು ಬೇಕೇ? ಆದರೆ ಆಡಿದ್ದು ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್‌ನಲ್ಲಿ, ಸುಮಾರು 200 ಜನ ಕೂರುವ ಜಾಗದಲ್ಲಿ. ಒಳಗೆಲ್ಲ ಪ್ಲೈವುಡ್ ಹೊಡೆದು ಸೈನಿಕರ ಬ್ಯಾರಕ್ ಮಾಡಿದ್ದರು, ಪ್ರೇಕ್ಷಕರೂ ಅದರೊಳಗೆ ಬೆಂಚಿನ ಮೇಲೆ. ಇಯಾಗೊ ಪಿಸುಗುಟ್ಟಿದರೆ ಕೊನೆಯ ಸಾಲಿಗೂ ಕೇಳುತ್ತದೆ. ಆ ಪ್ರಯೋಗವನ್ನು ವಿಮರ್ಶಕರು ಮನಸಾರೆ ಹೊಗಳಿದರು. ಬ್ಯಾರಿಮೋರ್‌ನಲ್ಲಿ ಸಾವಿರಕ್ಕೂ ಹೆಚ್ಚು ಸೀಟು. ಪಿಸುಮಾತಿನಲ್ಲಿ ನಡೆಯುವ ವಿಷಪ್ರಾಶನ ಸಾವಿರ ಜನಕ್ಕೆ ಮುಟ್ಟಬೇಕಾದರೆ ಅದು ಭಾಷಣವಾಗುತ್ತದೆ, ಇಲ್ಲವೇ ನಗೆಯ ಕಡೆ ವಾಲುತ್ತದೆ. ಇಯಾಗೊನಿಗೆ ಆ ನಾಟಕದಲ್ಲಿ ಒಥೆಲೊಗಿಂತ ಹೆಚ್ಚು ಮಾತಿದೆ ಅನ್ನುವುದು ನೆನಪಿರಲಿ. ಅವನ ಸ್ವಗತಗಳೆಲ್ಲ ನೇರ ಪ್ರೇಕ್ಷಕರಿಗೇ. ಒಬ್ಬ ಚುರುಕು ನಟ ಸಾವಿರ ಜನರನ್ನು ನಗಿಸಲು ಶುರುಮಾಡಿದರೆ, ಒಥೆಲೊ ಅವನ ತಮಾಷೆಗೆ ಸಿಕ್ಕ ಪೆದ್ದನಾಗಿ ಕಾಣುವ ಅಪಾಯ ಯಾವಾಗಲೂ ಇದೆ.

ಡೆನ್ಜೆಲ್ ವಾಷಿಂಗ್ಟನ್ ಅವರ ವಿಷಯದಲ್ಲೂ ಅಷ್ಟೆ. ಅವರು ರಂಗಕ್ಕೆ ಹೊಸಬರಲ್ಲ. ಇದೇ ಕೆನಿ ಲಿಯಾನ್ ನಿರ್ದೇಶನದಲ್ಲಿ 2010ರಲ್ಲಿ ಆಗಸ್ಟ್ ವಿಲ್ಸನ್‌ರ ‘ಫೆನ್ಸಸ್’ ಆಡಿ ಟೋನಿ ಗೆದ್ದರು, ಎದುರಿಗಿದ್ದ ವಯೋಲಾ ಡೇವಿಸ್ ಕೂಡ ಗೆದ್ದರು, ನಾಟಕವೂ ಶ್ರೇಷ್ಠ ಮರುಪ್ರಯೋಗವೆನಿಸಿತು. ಅದೇ ನಟ, ಅದೇ ನಿರ್ದೇಶಕ. ವಯೋಲಾ ಡೇವಿಸ್ ಆಗಲೇ ವಿಲ್ಸನ್‌ರ ಇನ್ನೊಂದು ನಾಟಕಕ್ಕೆ 2001ರಲ್ಲಿ ಟೋನಿ ಪಡೆದವರು, ಆ ಭಾಷೆಯ ಏರಿಳಿತ ಅವರ ನಾಲಿಗೆಯಲ್ಲಿತ್ತು. ದೊಡ್ಡ ನಟನ ಮಾತಿಗೆ ‘ಹಾಗಾದರೆ ನಾನು?’ ಎಂದು ಕೇಳಬಲ್ಲ ಗಟ್ಟಿ ದನಿ ಎದುರಿಗಿತ್ತು. ಎದುರಾಳಿ ಗಟ್ಟಿಯಾದಷ್ಟೂ ದೊಡ್ಡ ನಟ ದೊಡ್ಡವನಾಗಿ ಕಾಣುತ್ತಾನೆ, ತಾಳಮದ್ದಳೆಯಲ್ಲಿ ಕಂಡ ಹಾಗೆಯೇ.

ವಯಸ್ಸಿನ ವಿಷಯ ಸೂಕ್ಷ್ಮ, ಆದರೆ ಹೇಳಲೇಬೇಕು. ವಾಷಿಂಗ್ಟನ್ ಕಾಲೇಜಿನಲ್ಲಿದ್ದಾಗ, ತಮ್ಮ 22ನೆಯ ವಯಸ್ಸಿನಲ್ಲಿ, ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಒಥೆಲೊ ಆಡಿದ್ದರು. ಮತ್ತೆ ಅದನ್ನು ಹೊತ್ತದ್ದು 70ರಲ್ಲಿ. ಈ ಸಂಗತಿ ಓದಿದಾಗ ನನಗೆ ರೋಮಾಂಚನವಾಯಿತು, ಯಾವ ರಂಗಪ್ರೇಮಿಗೆ ಆಗದು? ನಿರೀಕ್ಷೆ ಹುಟ್ಟುವುದೇ ಇಂಥ ಸಂಗತಿಗಳಿಂದ. ಪಠ್ಯದಲ್ಲಿ ಒಥೆಲೊ ತನ್ನ ಪ್ರಾಯ ಇಳಿದಿದೆ ಎಂದು ಹೇಳಿ, ಕೂಡಲೇ ‘ಅದೇನೂ ಅಷ್ಟಲ್ಲ’ ಎಂದು ಸೇರಿಸಿಕೊಳ್ಳುತ್ತಾನೆ. ಇಯಾಗೊ ತನಗೆ ನಾಲ್ಕೇಳು, ಅಂದರೆ 28 ವರ್ಷ ಅನ್ನುತ್ತಾನೆ. ರಂಗದ ಮೇಲೆ 70 ಮತ್ತು 44 ಬಂದಾಗ ಕಥೆ ಬೇರೆಯಾಗುತ್ತದೆ. ಬಡ್ತಿ ಸಿಗದ ಹುಡುಗನ ಉರಿ ಹೋಗಿ, ಬದುಕಿನ ಅರ್ಧ ದಾಟಿದವನ ಕಹಿ ಬರುತ್ತದೆ. ಹೊಸ ಮದುವೆಯ ಬಿಸಿ ಹೋಗಿ, ಇಳಿವಯಸ್ಸಿನವನು ಕೊನೆಗೊಮ್ಮೆ ಕಂಡ ಪ್ರೀತಿ ಕೈಜಾರುವ ಹೆದರಿಕೆ ಬರುತ್ತದೆ. ಇದು ಅಪೂರ್ವ ನಾಟಕವಾಗಬಲ್ಲದು. ಆದರೆ ಆಗ ನಿರ್ದೇಶಕ ಆ ಹೊಸ ಕಥೆಯನ್ನೇ ಹೇಳಬೇಕು. ಹಿನ್ನೆಲೆಯಲ್ಲಿ ‘ಹತ್ತಿರದ ಭವಿಷ್ಯ’ ಎಂದು ಬರೆದು ತೋರಿಸಿ, ಈಗಿನ ಸೈನ್ಯದ ಸಮವಸ್ತ್ರ ತೊಡಿಸಿದ್ದರು. ಈ ನಾಟಕ ಈಗ ಯಾಕೆ, ಈ ನಟರಿಂದಲೇ ಯಾಕೆ ಅನ್ನುವುದಕ್ಕೆ ಆ ಎರಡು ಪದ ಉತ್ತರವಾಗಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹಳೆಯ ನಾಟಕ ಎತ್ತಿಕೊಂಡವರು ಮೊದಲ ದಿನವೇ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ‘ದೊಡ್ಡ ನಟರ ಡೇಟ್ಸ್ ಸಿಕ್ಕಿದೆ’ ಅನ್ನುವುದು ಉತ್ತರವಾದರೆ ಪ್ರೇಕ್ಷಕರಿಗೆ ಅದು ತಿಳಿದುಬಿಡುತ್ತದೆ.

ಕನ್ನಡದವರಿಗೆ ಒಥೆಲೊ ಹೊಸಬನಲ್ಲ ಎಂದು ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಅದನ್ನು ‘ಶೂರಸೇನ ಚರಿತ್ರೆ’ಯಾಗಿ ತಂದರು. ಒಥೆಲೊ ಹೆಸರನ್ನೇ ಕೈಬಿಟ್ಟು, ಮೈಸೂರಿನ ಪ್ರೇಕ್ಷಕರಿಗೆ ಇವನು ಯಾರಾಗಿ ಕಂಡಾನು ಎಂದು ಯೋಚಿಸಿದರು. ನೋಡುವವರು ಯಾರು ಅನ್ನುವುದರಿಂದ ಹೊರಟ ಕೆಲಸ ಅದು.

ಚಪ್ಪಾಳೆಗೆ ಬರೋಣ. ಎದ್ದು ನಿಂತವರು ಸುಳ್ಳು ಹೇಳಲಿಲ್ಲ, ನೀವೂ ಹೇಳಲಿಲ್ಲ. ಬ್ರಾಡ್‌ವೇಯಲ್ಲಿ ಕೊನೆಗೆ ಎದ್ದು ನಿಲ್ಲುವುದು ಈಗ ಊಟವಾದ ಮೇಲೆ ಎಲೆ ಮಡಚುವ ಹಾಗೆ ರೂಢಿಯಾಗಿಬಿಟ್ಟಿದೆ, ಅದೊಂದು. ಇನ್ನೊಂದು, ಆ ಜನ ಎದ್ದು ನಿಂತದ್ದು ಆ ಸಂಜೆಯ ಪ್ರಯೋಗಕ್ಕೆ ಮಾತ್ರ ಅಲ್ಲ. ಎಂದೋ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ನೋಡಿದ ಆ ನಟನ ಸಿನಿಮಾಕ್ಕೆ, ತೀರಿಹೋದ ಅಪ್ಪನೊಂದಿಗೆ ನೋಡಿದ ಇನ್ನೊಂದು ಸಿನಿಮಾಕ್ಕೆ, ಎಲ್ಲಕ್ಕೂ ಸೇರಿ ನಿಂತರು. ಋಣ ತೀರಿಸಲು ಸಿಕ್ಕ ಒಂದೇ ಅವಕಾಶ. ನಮ್ಮಲ್ಲಿ ಕಂಪನಿ ನಾಟಕಗಳಲ್ಲಿ ಮೆಚ್ಚಿನ ನಟ ಹಾಡಿ ಮುಗಿಸಿದರೆ ‘ವನ್ಸ್ ಮೋರ್’ ಕೂಗು ಬೀಳುತ್ತಿತ್ತು. ಸಾಯುತ್ತಿದ್ದ ಪಾತ್ರ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು. ಅದನ್ನು ಯಾರೂ ಅವಮಾನ ಎಂದುಕೊಳ್ಳಲಿಲ್ಲ. ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ, ಆದರೆ ಒಂದು ವಿಷಯ ಯೋಚಿಸಿ. ವಾರಕ್ಕೆ ಎಂಟು ಸಲ, ಸಿನಿಮಾದ ಹಾಗೆ ಮರುಟೇಕ್ ಇಲ್ಲದೆ, ಸಾವಿರ ಜನರೆದುರು ನಿಲ್ಲಲು ಬಂದ ಆ ಮನುಷ್ಯನಿಗೆ ಧೈರ್ಯವಂತೂ ಇತ್ತು. ಆ ಧೈರ್ಯಕ್ಕೆ ನಿಂತಿರಿ ಅಂತಿಟ್ಟುಕೊಳ್ಳಿ. ನಾಟಕ ಕೂಡಿಬರಲಿಲ್ಲ ಎಂದು ಮನೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಜಗಳವಾಡಿದರೆ ಅದೂ ಸರಿಯಾದದ್ದೇ.

ತಾರೆಯನ್ನು ಹುಡುಕಿ ನಾಟಕ ಎತ್ತುವುದಕ್ಕೂ, ನಾಟಕದೊಳಗಿಂದ ತಾರೆ ಹುಟ್ಟುವುದಕ್ಕೂ ಇರುವ ಅಂತರ ಬೆಂಗಳೂರಿನ ನಮ್ಮ ಪೀಳಿಗೆಗೆ ‘ಮುಖ್ಯಮಂತ್ರಿ’ ನಾಟಕದಿಂದ ಗೊತ್ತಾಯಿತು. ಕಲಾಗಂಗೋತ್ರಿ ತಂಡ 1980ರಲ್ಲಿ ಬಿ.ವಿ. ರಾಜಾರಾಂ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದಾಗ ಮುಖ್ಯ ಪಾತ್ರದ ಚಂದ್ರು ದೊಡ್ಡ ಹೆಸರಾಗಿರಲಿಲ್ಲ. ನಾಟಕ ನೂರಾರು ಪ್ರದರ್ಶನ ಕಂಡಿತು, ಪಾತ್ರದ ಹೆಸರು ನಟನ ಹೆಸರಿಗೆ ಅಂಟಿಕೊಂಡಿತು, ‘ಮುಖ್ಯಮಂತ್ರಿ ಚಂದ್ರು’ ಆದರು. ದಶಕಗಳ ಮೇಲೆ ಅದೇ ನಾಟಕಕ್ಕೆ ಜನ ಹೋಗುವಾಗ ಅವರೂ ಒಬ್ಬ ಪ್ರಸಿದ್ಧ ನಟನನ್ನೇ ನೋಡಲು ಹೋಗುತ್ತಾರೆ. ಆದರೆ ಆ ಪ್ರಸಿದ್ಧಿ ಹುಟ್ಟಿದ್ದೇ ಆ ನಾಟಕದ ಒಳಗೆ. ಹಾಗಾಗಿ ಅಲ್ಲಿ ಮುಖ ಮುಂದೆ ಬಂದರೂ ನಾಟಕ ಹಿಂದೆ ಸರಿಯುವುದಿಲ್ಲ.

ಮುಂದೆ ಹೋಗಬೇಕಾ ಎಂದು ಕೇಳಿದ್ದೀರಿ. ಹೋಗಿ, ಆದರೆ ಟಿಕೆಟ್ ತೆಗೆಯುವ ಮುಂಚೆ ಪೋಸ್ಟರ್‌ನ ದೊಡ್ಡ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದಿ. ಎರಡನೆಯ, ಮೂರನೆಯ, ನಾಲ್ಕನೆಯ ಪಾತ್ರ ಯಾರು ಮಾಡುತ್ತಿದ್ದಾರೆ? ‘ಒಥೆಲೊ’ ಆದರೆ ಇಯಾಗೊನ ಹೆಂಡತಿ ಎಮಿಲಿಯಾಳ ಪಾತ್ರ ಯಾರದು ಎಂದು ನೋಡಿ. ಕೊನೆಯ ಅಂಕದಲ್ಲಿ ಗುಟ್ಟು ಒಡೆಯುವವಳು ಅವಳು, ಅವಳು ಸೋತರೆ ಒಥೆಲೊನ ಸಾವೂ ಸೋಲುತ್ತದೆ. ಆ ಪ್ರಯೋಗ ಬ್ರಾಡ್‌ವೇಗೆ ಬರುವ ಮುಂಚೆ ಬೇರೆಲ್ಲಾದರೂ, ಲಂಡನ್ನಿನಲ್ಲೋ, ಶಿಕಾಗೋದಲ್ಲೋ, ಒಂದು ಸಣ್ಣ ಥಿಯೇಟರಿನಲ್ಲೋ ಆಡಿ ಬಂದಿದೆಯೇ? ಬಂದಿದ್ದರೆ ಅದು ಬೆಂದಿರುವ ಸಂಭವ ಹೆಚ್ಚು. ಆರು ತಿಂಗಳು ಮುಂಚೆ ತೆಗೆಯಲೇಬೇಕೆಂದರೆ ಉದ್ಘಾಟನೆಯಾದ ನಾಲ್ಕೈದು ವಾರದ ಮೇಲಿನ ದಿನ ಆರಿಸಿ. ಪ್ರಿವ್ಯೂಗಳಲ್ಲಿ ತಂಡ ಇನ್ನೂ ಹುಡುಕುತ್ತಿರುತ್ತದೆ, ಬೆಲೆ ಮಾತ್ರ ಪೂರ್ತಿಯೇ ಇರುತ್ತದೆ. ನಾಟಕದ ಹೆಸರಿಗಿಂತ ಮೇಲೆ ಹೆಸರು ಅಚ್ಚಾದ ನಟ ಆ ದಿನ ಬರದಿದ್ದರೆ ದುಡ್ಡು ವಾಪಸು ಕೇಳುವ ಅಥವಾ ದಿನ ಬದಲಾಯಿಸುವ ರೂಢಿ ಅಲ್ಲಿದೆ, ಗಲ್ಲಾದಲ್ಲಿ ವಿಚಾರಿಸಿ. ಆದರೆ ವಾಪಸು ಕೇಳುವ ಮುಂಚೆ ಒಂದು ಕ್ಷಣ ತಡೆಯಿರಿ. ಬದಲಿ ನಟ ನಿಂತ ರಾತ್ರಿ ಉಳಿದವರೆಲ್ಲ ಕಿವಿ ನಿಮಿರಿಸಿ ಆಡುತ್ತಾರೆ. ಅಂಥ ರಾತ್ರಿಗಳಲ್ಲಿ ನಾಟಕ ಒಮ್ಮೆಲೇ ಜೀವ ತಳೆದದ್ದನ್ನು ನಾನು ಕಂಡಿದ್ದೇನೆ.

ಅತ್ತೆಯವರು ಮುಂದಿನ ಬೇಸಗೆಗೂ ಅಲ್ಲೇ ಇರುವುದಾದರೆ ಅವರನ್ನು ಸೆಂಟ್ರಲ್ ಪಾರ್ಕಿನ ಡೆಲಕೋರ್ಟ್ ಬಯಲು ರಂಗಮಂದಿರಕ್ಕೆ ಕರೆದುಕೊಂಡು ಹೋಗಿ. ಪಬ್ಲಿಕ್ ಥಿಯೇಟರ್‌ನವರು ಅಲ್ಲಿ ಷೇಕ್ಸ್‌ಪಿಯರ್ ಆಡುತ್ತಾರೆ, ಟಿಕೆಟ್ಟಿಗೆ ದುಡ್ಡಿಲ್ಲ, ಬೆಳಿಗ್ಗೆ ಸಾಲಿನಲ್ಲಿ ಕಾಯಬೇಕು ಅಷ್ಟೆ. 2018ರಲ್ಲಿ ‘ಒಥೆಲೊ’ವನ್ನೂ ಅಲ್ಲಿ ಆಡಿದ್ದರು. ದುರಸ್ತಿಗೆಂದು ಮುಚ್ಚಿದ್ದು 2025ರ ಆಗಸ್ಟಿನಲ್ಲಿ ಮತ್ತೆ ತೆರೆದಿದೆ. ಆಟ ಶುರುವಾಗುವಾಗ ಇನ್ನೂ ಬೆಳಕಿರುತ್ತದೆ, ನಡುವೆ ಕತ್ತಲಾಗುತ್ತದೆ. ಬಯಲಾಟ ನೋಡಿ ಬೆಳೆದವರಿಗೆ ಆ ಜಾಗ ಪರಕೀಯ ಅನ್ನಿಸಲಿಕ್ಕಿಲ್ಲ. ಒಂದು ಶಾಲು ಇಟ್ಟುಕೊಂಡಿರಿ. ಇಂಟರ್ವಲ್‌ನಲ್ಲಿ ಅವರು ಏನಂದರು ಎಂದು ನನಗೆ ಬರೆಯಿರಿ.